ಡೇರೆ ಗಡ್ಡೆ ಉಳಿಸಲು ಜಾಲರಿಯೋ, ಕುಂಡವೋ, ಖಾರದ ನೀರೋ?

ಮೇ ಕೊನೆಯಲ್ಲಿ ಒಂದೆರಡು ಮಳೆ ಬಿದ್ದರೆ ಸಾಕು, ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಂಗಳಗಳಲ್ಲಿ ಡೇರೆ (ಡೇಲಿಯಾ) ಹೂವಿನ ಗಡ್ಡೆ ನೆಡುವ ಗಡಿಬಿಡಿ ಶುರುವಾಗುತ್ತದೆ. ಘಟ್ಟದ ಕೆಳಗೆ ಕಾರವಾರ, ಅಂಕೋಲಾ, ಕುಮಟಾ ಕಡೆ ಸುಗಂಧರಾಜ, ಲಿಲ್ಲಿ, ಕ್ಯಾನಾ ಗಡ್ಡೆಗಳು ಮಣ್ಣು ಸೇರುತ್ತವೆ. ಚೌತಿಯ ಹೊತ್ತಿಗೆ ಅಂಗಳ ತುಂಬಾ ಹೂ ಬೇಕು ಅನ್ನುವ ಆಸೆ ಎಲ್ಲರಿಗೂ. ಆದರೆ ನೆಟ್ಟು ವಾರ ಕಳೆಯುವುದರೊಳಗೆ ಅರ್ಧ ಗಡ್ಡೆ ಮಾಯ. "ಅಳಿಲು ತಿಂತು ಮಾರಾಯ್ತಿ" ಅನ್ನುವ ಮಾತು ಪಕ್ಕದ ಮನೆಯಿಂದಲೂ ಬರುತ್ತದೆ.

ಆಮೇಲೆ ಇಂಟರ್ನೆಟ್ಟಿನಲ್ಲಿ ಹುಡುಕುತ್ತೇವೆ. ಅಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಅಮೆರಿಕ, ಇಂಗ್ಲೆಂಡಿನ ತೋಟಗಳಿಗಾಗಿ ಬರೆದವು. ಅಲ್ಲಿನ ಬೂದು ಅಳಿಲು ಚಳಿಗಾಲಕ್ಕೆಂದು ಕಾಳು, ಬೀಜ ಹೂತಿಡುತ್ತದೆ. ಹಾಗೆ ಮಣ್ಣು ಕೆದಕುವಾಗ ಟ್ಯೂಲಿಪ್ ಗಡ್ಡೆ ಸಿಕ್ಕರೆ ಅದನ್ನೂ ಎತ್ತಿಕೊಂಡು ಹೋಗುತ್ತದೆ. ನಮ್ಮ ಬೆನ್ನಿಗೆ ಮೂರು ಪಟ್ಟೆಯ ಪುಟ್ಟ ಅಳಿಲಿನ ಬದುಕು ಬೇರೆ. ಅದಕ್ಕೆ ಹಣ್ಣು, ಬೀಜ, ಹೂವಿನ ಮಕರಂದ, ಹುಳು ಬೇಕು. ಕುಂಡದ ಸಡಿಲ ಮಣ್ಣನ್ನು ಕೆದಕುತ್ತದೆ ನಿಜ, ಮೊಳಕೆ ಮುರಿಯುತ್ತದೆ ನಿಜ. ಆದರೆ ಒಂದು ರಾತ್ರಿಯಲ್ಲಿ ಇಡೀ ಸಾಲು ಗಡ್ಡೆ ಖಾಲಿ ಮಾಡುವ ಕೆಲಸ ಅದರದ್ದಲ್ಲ. ಕಾಡಿನ ದೊಡ್ಡ ಕೆಂದಳಿಲಂತೂ ಮರ ಬಿಟ್ಟು ನೆಲಕ್ಕೆ ಇಳಿಯುವುದೇ ಅಪರೂಪ.

ಹಾಗಾಗಿ ಯಾವ ಉಪಾಯ ಒಳ್ಳೆಯದು ಅಂತ ಹೋಲಿಸುವ ಮೊದಲು ಬಂದದ್ದು ಯಾರು ಅಂತ ತಿಳಿಯಬೇಕು. ಹೆಗ್ಗಣಕ್ಕೆ ಮಾಡಿದ ಖರ್ಚು ಮುಳ್ಳುಹಂದಿಗೆ ಉಪಯೋಗವಿಲ್ಲ. ಅಳಿಲಿಗೆ ಸಾಕಾಗುವ ಉಪಾಯವನ್ನು ಹೆಗ್ಗಣ ಲೆಕ್ಕಕ್ಕೇ ಇಡುವುದಿಲ್ಲ.

ಗುಂಡಿ ನೋಡಿದರೆ ಗೊತ್ತಾಗುತ್ತದೆ

ಬೆಳಿಗ್ಗೆ ಎದ್ದು ನೋಡುವಾಗ ಮೊದಲು ಗುಂಡಿಯ ಆಕಾರ ಗಮನಿಸಿ. ಅಂಗೈಯಗಲದ, ಎರಡು ಬೆರಳು ಆಳದ ಗುಂಡಿ ಇದ್ದು, ಗಡ್ಡೆ ಪಕ್ಕದಲ್ಲೇ ಬಿದ್ದಿದ್ದರೆ ಅದು ಅಳಿಲು. ಅದೂ ಹಗಲಿನಲ್ಲೇ ನಡೆದಿರುತ್ತದೆ. ಅಳಿಲು ರಾತ್ರಿ ಓಡಾಡುವುದಿಲ್ಲ.

ಗಿಡ ನಿಂತಲ್ಲೇ ಬಾಡಿದೆ, ಎಳೆದರೆ ಬೇರಿಲ್ಲದೆ ಕೈಗೆ ಬರುತ್ತದೆ, ಕೆಳಗೆ ಟೊಳ್ಳು ಬಿಲ ಇದೆ ಅಂದರೆ ಅದು ಹೆಗ್ಗಣ. ಹತ್ತಿರದಲ್ಲೇ ಎಲ್ಲೋ ಧರೆಯ (ಕಡಿದ ಮಣ್ಣಿನ ದಿಬ್ಬದ) ಬುಡದಲ್ಲಿ, ಕೊಟ್ಟಿಗೆಯ ಪಕ್ಕದಲ್ಲಿ, ಕಟ್ಟಿಗೆ ರಾಶಿಯ ಅಡಿಯಲ್ಲಿ ಹೊಸ ಮಣ್ಣಿನ ಗುಡ್ಡೆ ಕಾಣುತ್ತದೆ. ಉಳಿದ ಗಡ್ಡೆಯ ಚೂರಿನ ಮೇಲೆ ಜೋಡಿ ಹಲ್ಲಿನ ಗೀರು ಇರುತ್ತದೆ. ಉತ್ತರ ಕನ್ನಡದ ಮನೆಯಂಗಳಗಳಲ್ಲಿ ಗಡ್ಡೆ ಹೋಗುವುದು ಜಾಸ್ತಿ ಇದರಿಂದಲೇ. ಘಟ್ಟದ ಮೇಲೂ ಅಷ್ಟೇ, ಕರಾವಳಿಯಲ್ಲೂ ಅಷ್ಟೇ.

ಮುಳ್ಳುಹಂದಿ ಬಂದು ಹೋದ ಜಾಗ ಬೇರೆಯೇ ಥರ. ಒಳಗೆ ಹೋಗುತ್ತಾ ಕಿರಿದಾಗುವ ಆಳವಾದ ಗುಂಡಿ, ಗಿಡ ಬುಡದಿಂದ ಅಡ್ಡ ಬಿದ್ದಿರುತ್ತದೆ, ಅಲ್ಲಲ್ಲಿ ಒಂದೊಂದು ಕಣೆ ಉದುರಿರುತ್ತದೆ. ಬೆಟ್ಟಕ್ಕೆ ಒತ್ತಿಕೊಂಡಿರುವ ಶಿರಸಿ, ಯಲ್ಲಾಪುರದ ಮನೆಗಳವರಿಗೆ ಇದು ಪರಿಚಯದ ಕಾಟ. ಇಡೀ ಪಾತಿ ಉತ್ತ ಹಾಗೆ ಮಗುಚಿ ಬಿದ್ದಿದ್ದರೆ ಕಾಡುಹಂದಿ. ಮೇಲ್ಮಣ್ಣು ಮಾತ್ರ ಚದುರಿ, ಎಳೆ ಮೊಳಕೆ ಮುರಿದಿದ್ದರೆ ಕೋಳಿಯೋ ನವಿಲೋ ಇರಬೇಕು.

ಗುಂಡಿಯೇ ಇಲ್ಲ, ಗಡ್ಡೆ ಮೆತ್ತಗಾಗಿ ನಾರುತ್ತಿದೆ ಅಂದರೆ ಯಾವ ಪ್ರಾಣಿಯನ್ನೂ ಬೈಯಬೇಡಿ. ಅದು ನೀರು ನಿಂತು ಕೊಳೆತದ್ದು. ಕಾರವಾರದ ಕಡೆ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಅಷ್ಟು ಮಳೆಯಲ್ಲಿ ತಗ್ಗಿನಲ್ಲಿ ನೆಟ್ಟ ಡೇರೆ ಗಡ್ಡೆ ಉಳಿಯುವುದು ಕಷ್ಟ. ಕೆಳಗೆ ಹೇಳುವ ಯಾವ ಉಪಾಯ ಆರಿಸಿದರೂ ಪಾತಿಯನ್ನು ಅರ್ಧ ಅಡಿಯಾದರೂ ಏರಿಸಿಯೇ ನೆಡಿ.

ಜಾಲರಿ: ನೆಲದಲ್ಲೇ ಬೆಳೆಸಬೇಕು ಅನ್ನುವವರಿಗೆ

ಹೆಗ್ಗಣಕ್ಕೆ ನಿಜವಾಗಿ ತಡೆ ಅಂದರೆ ತಂತಿ ಜಾಲರಿ. ಇದರಲ್ಲಿ ಎರಡು ಬಗೆ ಪೇಟೆಯಲ್ಲಿ ಸಿಗುತ್ತವೆ. ಒಂದು ಆರು ಮೂಲೆಯ ಕಣ್ಣಿನ ಕೋಳಿ ಜಾಲರಿ. ಇನ್ನೊಂದು ಚೌಕ ಕಣ್ಣಿನ, ಬೆಸುಗೆ ಹಾಕಿದ ಜಿ.ಐ. (ಸತುವಿನ ಲೇಪವಿರುವ ಕಬ್ಬಿಣದ) ಜಾಲರಿ. ಕೋಳಿ ಜಾಲರಿ ಅಗ್ಗ, ಕೈಯಲ್ಲೇ ಬಗ್ಗುತ್ತದೆ, ಕತ್ತರಿಸುವುದು ಸುಲಭ. ಆದರೆ ತಂತಿ ತೆಳು. ಒದ್ದೆ ಮಣ್ಣಿನೊಳಗೆ ಬೇಗ ತುಕ್ಕು ಹಿಡಿದು ಪುಡಿಯಾಗುತ್ತದೆ. ದೊಡ್ಡ ಕಣ್ಣಿನದ್ದಾದರೆ ಸಣ್ಣ ಇಲಿ, ಹೆಗ್ಗಣದ ಮರಿ ಆರಾಮಾಗಿ ನುಸುಳುತ್ತವೆ.

ಚೌಕ ಜಾಲರಿಯಲ್ಲಿ ಅರ್ಧ ಇಂಚಿನ ಕಣ್ಣಿನದ್ದನ್ನೇ ಕೇಳಿ. ಖರ್ಚು ಜಾಸ್ತಿ, ಬಗ್ಗಿಸಲು ಇಕ್ಕಳ ಬೇಕು. ಆದರೂ ದುಡ್ಡು ಹಾಕುವುದಾದರೆ ಇದಕ್ಕೇ ಹಾಕಿ ಅಂತ ನಾನು ಹೇಳುತ್ತೇನೆ. ಒಂದು ಮಳೆಗಾಲಕ್ಕೆ ಕೆಟ್ಟುಹೋಗುವ ಜಾಲರಿಯನ್ನು ಪ್ರತಿ ವರ್ಷ ಅಗೆದು ಬದಲಿಸುವ ಶ್ರಮ ಸಣ್ಣದಲ್ಲ.

ಘಟ್ಟದ ಮೇಲೆ ಮತ್ತು ಕೆಳಗೆ ಜಾಲರಿಯ ಬಾಳಿಕೆ ಒಂದೇ ಅಲ್ಲ. ಕಾರವಾರ, ಅಂಕೋಲಾದ ಕಡಲ ಗಾಳಿಯಲ್ಲಿ ಉಪ್ಪಿದೆ. ಸತುವಿನ ಲೇಪ ಬೇಗ ಸವೆಯುತ್ತದೆ, ಒಳಗಿನ ಕಬ್ಬಿಣ ತೆರೆದುಕೊಳ್ಳುತ್ತದೆ. ಸಮುದ್ರದ ಹತ್ತಿರದ ಮನೆಯವರು ಬೆಸುಗೆಯಾದ ಮೇಲೆ ಸತುವಿನಲ್ಲಿ ಅದ್ದಿದ ಜಾಲರಿಯನ್ನೋ, ಪ್ಲಾಸ್ಟಿಕ್ ಹೊದಿಕೆ ಇರುವುದನ್ನೋ ಹುಡುಕುವುದು ಒಳ್ಳೆಯದು. ಅದು ಸಿಗದಿದ್ದರೆ ಜಾಲರಿಯ ಯೋಚನೆ ಬಿಟ್ಟು ಕುಂಡಕ್ಕೆ ಹೋಗಿ. ಶಿರಸಿಯಲ್ಲಿ ಈ ಉಪ್ಪಿನ ತೊಂದರೆ ಇಲ್ಲ.

ಹಾಕುವ ರೀತಿ ಕಷ್ಟದ್ದಲ್ಲ. ಒಂದು ಅಡಿ ಆಳ ತೆಗೆಯಿರಿ. ತಳಕ್ಕೂ ನಾಲ್ಕೂ ಬದಿಗೂ ಜಾಲರಿ ಬರುವಂತೆ ಪೆಟ್ಟಿಗೆಯ ಹಾಗೆ ಮಡಚಿ ಇಳಿಸಿ. ಬದಿಗಳು ಮಣ್ಣಿನ ಮಟ್ಟಕ್ಕಿಂತ ಎರಡು ಮೂರು ಇಂಚು ಮೇಲೆ ಇರಲಿ, ಮೂಲೆಗಳನ್ನು ತಂತಿಯಿಂದ ಹೊಲಿಯಿರಿ. ಹೆಗ್ಗಣ ತಳದಿಂದಲೇ ಬರುವುದರಿಂದ ತಳ ಬಿಟ್ಟು ಮೇಲೆ ಮಾತ್ರ ಮುಚ್ಚಿದರೆ ಪ್ರಯೋಜನವಿಲ್ಲ. ಒಳಗೆ ಮರಳು, ಕೆಂಪು ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ ಸೇರಿಸಿ ತುಂಬಿ. ಸುಗಂಧರಾಜವನ್ನು ಎರಡು ಇಂಚಿನಷ್ಟು ಆಳಕ್ಕೆ, ಗ್ಲಾಡಿಯೋಲಸ್ಸನ್ನು ನಾಲ್ಕು ಇಂಚಿಗೆ, ಡೇರೆಯನ್ನು ಅದಕ್ಕಿಂತ ಸ್ವಲ್ಪ ಕೆಳಗೆ ಇಟ್ಟರೆ ಸಾಕು.

ಮೇಲೊಂದು ಜಾಲರಿಯ ತುಂಡು ಮುಚ್ಚಿ ಕಲ್ಲು ಹೇರಿದರೆ ಅಳಿಲು, ಕೋಳಿ, ನವಿಲು ಮೂರಕ್ಕೂ ತಡೆ. ಆದರೆ ಈ ಮುಚ್ಚಳ ತೆಗೆಯುವ ಹೊತ್ತು ತಪ್ಪಬಾರದು. ಡೇರೆಯ ಕಾಂಡ ದಪ್ಪವಾಗುತ್ತದೆ. ಮೊಳಕೆ ಮುಚ್ಚಳ ಮುಟ್ಟುವ ಮೊದಲೇ ತೆಗೆಯದಿದ್ದರೆ ತಂತಿಯ ಕಣ್ಣೇ ಕಾಂಡವನ್ನು ಹಿಸುಕುತ್ತದೆ. ತಳದ ಜಾಲರಿ ಮಾತ್ರ ಇದ್ದಲ್ಲೇ ಇರಲಿ.

ನೈಲಾನ್ ಬಲೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅಗ್ಗ ಅಂತ ಅದನ್ನು ಪಾತಿಯ ಮೇಲೆ ಹರಡುವವರಿದ್ದಾರೆ. ಹೆಗ್ಗಣ ಅದನ್ನು ಕ್ಷಣದಲ್ಲಿ ಕಡಿಯುತ್ತದೆ. ಸಿಕ್ಕಿಬೀಳುವುದು ಕೇರೆ ಹಾವು. ಇಲಿ ಹಿಡಿಯಲು ಬಂದ ಹಾವು ಬಲೆಯಲ್ಲಿ ಸುತ್ತಿಕೊಂಡು ಸಾಯುತ್ತದೆ. ದಯವಿಟ್ಟು ಹಾಕಬೇಡಿ.

ಜಾಲರಿಗೆ ದುಡ್ಡಿಲ್ಲ ಅನ್ನುವವರಿಗೆ ನಮ್ಮ ಕಡೆ ಒಂದು ಸುಲಭದ ವಸ್ತು ಇದೆ, ಹಳೆಯ ಹಂಚು. ಮನೆಯ ಹಿಂದೆ ರಾಶಿ ಬಿದ್ದಿರುವ ಒಡೆದ ಹಂಚಿನ ಚೂರು ಅಥವಾ ಜಲ್ಲಿಯನ್ನು ಗಡ್ಡೆಯ ಸುತ್ತ ಮಣ್ಣಿಗೆ ಒತ್ತಾಗಿ ಸೇರಿಸಿ. ಇಡೀ ಹಂಚುಗಳನ್ನು ಪಾತಿಯ ಸುತ್ತ ಒಂದಕ್ಕೊಂದು ತಾಗಿಸಿ ನೆಟ್ಟಗೆ ಹೂಳಿ. ಇದು ಜಾಲರಿಯಷ್ಟು ಭದ್ರವಲ್ಲ. ಆದರೆ ಮೊನಚಾದ ಚೂರುಗಳಿರುವ ಮಣ್ಣಿಗಿಂತ ಸಡಿಲ ಮಣ್ಣನ್ನೇ ಹೆಗ್ಗಣ ಇಷ್ಟಪಡುತ್ತದೆ. ನೀರು ಬಸಿಯುವುದಕ್ಕೂ ಈ ಚೂರು ಸಹಾಯ ಮಾಡುತ್ತದೆ.

ಕುಂಡ, ಗ್ರೋ ಬ್ಯಾಗ್, ಪೇಂಟ್ ಬಕೆಟ್

ಡೇರೆಗೆ ನನ್ನ ಮೊದಲ ಆಯ್ಕೆ ಇದೇ. ಅಡಿಯಿಂದ ಬರುವ ಹೆಗ್ಗಣದ ದಾರಿಯೇ ಮುಚ್ಚಿಹೋಗುತ್ತದೆ. ಮಳೆ ಜೋರಾದಾಗ ಜಗಲಿಗೆ ಎಳೆದುಕೊಳ್ಳಬಹುದು. ಬಣ್ಣ ಹೊಡೆಸಿದ ಮನೆಯಲ್ಲಿ ಉಳಿಯುವ 20 ಲೀಟರ್ ಬಕೆಟ್ ಒಂದು ಡೇರೆಗೆ ಸರಿಯಾದ ಅಳತೆ. ಚೆನ್ನಾಗಿ ತೊಳೆದು, ತಳಕ್ಕೂ ತಳದ ಪಕ್ಕಕ್ಕೂ ತೂತು ಮಾಡಿ. ತೂತಿನ ಮೇಲೆ ಹಂಚಿನ ಚೂರು ಇಟ್ಟರೆ ಮಣ್ಣು ಕಟ್ಟಿಕೊಳ್ಳುವುದಿಲ್ಲ.

ಮಣ್ಣಿನ ಕುಂಡ ನೋಡಲು ಚೆಂದ, ಬೇರಿಗೂ ತಂಪು. ಆದರೆ ಭಾರ, ಎಳೆದಾಡುವಾಗ ಒಡೆಯುತ್ತದೆ. ಗ್ರೋ ಬ್ಯಾಗ್ ಹಗುರ, ನೀರು ಚೆನ್ನಾಗಿ ಬಸಿಯುತ್ತದೆ. ಆದರೆ ನೆಲದ ಮೇಲೇ ಇಟ್ಟರೆ ಇಲಿ, ಹೆಗ್ಗಣ ಅದರ ಬದಿಯನ್ನು ಕಡಿದು ಒಳನುಗ್ಗುತ್ತವೆ. ಗೆದ್ದಲೂ ಏರುತ್ತದೆ. ಎರಡು ಚಿರೆಕಲ್ಲಿನ ಮೇಲೆ ಎತ್ತಿ ಇಟ್ಟರೆ ಈ ಎರಡೂ ಕಾಟ ಕಡಿಮೆ. ಹಣ್ಣಿನ ಪ್ಲಾಸ್ಟಿಕ್ ಕ್ರೇಟನ್ನು ನೆಲದಲ್ಲಿ ಹೂತು ಅದರೊಳಗೆ ಗಡ್ಡೆ ನೆಡುವವರೂ ಇದ್ದಾರೆ. ಸುಗಂಧರಾಜದಂಥ ಸಣ್ಣ ಗಡ್ಡೆಗೆ ಅದು ಅನುಕೂಲ, ತೆಗೆಯುವಾಗ ಒಂದೂ ತಪ್ಪಿಹೋಗುವುದಿಲ್ಲ. ಆದರೆ ಪ್ಲಾಸ್ಟಿಕ್ ಅಂದರೆ ಹೆಗ್ಗಣದ ಹಲ್ಲಿಗೆ ಸಿಗುವ ವಸ್ತು, ಅದು ನೆನಪಿರಲಿ.

ಅಳಿಲು ಕೆದಕುವುದು ಹೆಚ್ಚಾಗಿ ಕುಂಡವನ್ನೇ. ಅದಕ್ಕೆ ಮಣ್ಣಿನ ಮೇಲೆ ದೊಡ್ಡ ಜಲ್ಲಿಯನ್ನೋ ಹಂಚಿನ ಚೂರನ್ನೋ ಹೊಂದಿಸಿಟ್ಟರೆ ಸಾಕು. ಮೊಳಕೆ ನಾಲ್ಕು ಬೆರಳು ಎದ್ದ ಮೇಲೆ ಅಳಿಲಿಗೆ ಅಲ್ಲಿ ಆಸಕ್ತಿ ಇರುವುದಿಲ್ಲ. ಇನ್ನೊಂದು ಮಾತು, ಸೂರಿನ ನೀರು ಬೀಳುವ ಸಾಲಿನಲ್ಲಿ ಕುಂಡ ಇಡಬೇಡಿ. ಜುಲೈಯಲ್ಲಿ ಅಲ್ಲಿ ಬೀಳುವ ನೀರಿಗೆ ಮಣ್ಣೆಲ್ಲ ತೊಳೆದುಹೋಗಿ ಗಡ್ಡೆ ಬತ್ತಲೆ ನಿಲ್ಲುತ್ತದೆ.

ಖಾರ, ಬೆಳ್ಳುಳ್ಳಿ, ಫಿನಾಯಿಲ್, ನುಸಿಗುಳಿಗೆ

ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಹೆಚ್ಚು ಜನ ಹೇಳುವ ಉಪಾಯ. ಮೆಣಸಿನ ಖಾರ ಸಸ್ತನಿಗಳ ಬಾಯಿಗೆ ಉರಿ ಕೊಡುತ್ತದೆ ಅನ್ನುವುದು ಸತ್ಯ. ಹಕ್ಕಿಗಳಿಗೆ ಆ ಉರಿ ಗೊತ್ತಾಗುವುದಿಲ್ಲ, ಹಾಗಾಗಿ ನವಿಲು, ಕೋಳಿಗೆ ಅದು ಲೆಕ್ಕವಿಲ್ಲ. ಒಣ ದಿನಗಳಲ್ಲಿ, ಅಂದರೆ ಅಕ್ಟೋಬರ್‌ನಲ್ಲಿ ಮಳೆ ಕಳೆದ ಮೇಲೆ ಗ್ಲಾಡಿಯೋಲಸ್ ನೆಡುವಾಗ, ಖಾರದ ಪುಡಿ ಅಳಿಲನ್ನು ಕೆಲವು ದಿನ ದೂರ ಇಡುತ್ತದೆ. ಜೂನ್‌ನಲ್ಲಿ ಒಂದು ಮಳೆಗೆ ಎಲ್ಲ ಹೋಗುತ್ತದೆ. ನಮ್ಮ ಜಿಲ್ಲೆಯಲ್ಲಿ ಗಡ್ಡೆ ನೆಡುವುದೇ ಮಳೆಗಾಲದ ಬಾಗಿಲಲ್ಲಿ. ಆದ್ದರಿಂದ ವಾಸನೆಯ ಉಪಾಯಗಳನ್ನು ನಾನು ಕೊನೆಯ ಸಾಲಿನಲ್ಲೇ ಇಡುತ್ತೇನೆ.

ಬೇವಿನ ಹಿಂಡಿ, ಹೊಂಗೆ ಹಿಂಡಿ ಹಾಕುವುದು ಒಳ್ಳೆಯದೇ. ಅದು ಗೊಬ್ಬರವೂ ಹೌದು, ಮಣ್ಣಿನ ಹುಳುವಿಗೆ ಸ್ವಲ್ಪ ಕಡಿವಾಣವೂ ಹೌದು. ಹೆಗ್ಗಣವನ್ನು ಅದು ಓಡಿಸುತ್ತದೆ ಅಂತ ಮಾತ್ರ ನಂಬಿ ಕೂರಬೇಡಿ. ಫಿನಾಯಿಲ್ ಸುರಿದರೆ ಎರೆಹುಳು ಸಾಯುತ್ತದೆ. ನುಸಿಗುಳಿಗೆ ಮಕ್ಕಳು ಬಾಯಿಗೆ ಹಾಕಿಕೊಂಡರೆ ಜೀವಕ್ಕೇ ಅಪಾಯ. ಅಂಗಳದಲ್ಲಿ ಎರಡೂ ಬೇಡ.

ವಾಸನೆ ಓಡಿಸುವುದಕ್ಕಿಂತ ಕರೆಯುವುದೇ ಜಾಸ್ತಿ ಅನ್ನುವುದನ್ನು ಗಮನಿಸಿ. ಕರಾವಳಿಯಲ್ಲಿ ತೆಂಗಿಗೆ ಮೀನಿನ ಗೊಬ್ಬರ ಹಾಕುವ ರೂಢಿ ಇದೆ. ಅದನ್ನೇ ಹೂವಿನ ಗಡ್ಡೆಯ ಗುಂಡಿಗೂ ಹಾಕಿದರೆ ನಾಯಿ, ಹೆಗ್ಗಣ ಎರಡೂ ಬಂದು ಅಗೆಯುತ್ತವೆ. ಎಲುಬಿನ ಪುಡಿಯೂ ಹಾಗೆಯೇ. ಮುಳ್ಳುಹಂದಿಗೆ ಬಿದ್ದ ಎಲುಬನ್ನು ಕಡಿಯುವ ಅಭ್ಯಾಸವಿದೆ, ಸುಣ್ಣದ ಅಂಶಕ್ಕಾಗಿ. ಗಡ್ಡೆಯ ಪಕ್ಕ ಅದರ ವಾಸನೆ ಇಡುವುದು ಯಾಕೆ? ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಸಾಕು. ನೆಟ್ಟ ಮೇಲೆ ಗಡ್ಡೆಯ ಸಿಪ್ಪೆ, ಮುರಿದ ಬೇರು ಪಾತಿಯ ಹತ್ತಿರ ಬಿಡಬೇಡಿ, ಎತ್ತಿ ಗೊಬ್ಬರದ ಗುಂಡಿಗೆ ಹಾಕಿ.

ತಿನ್ನಲಾಗದ ಗಡ್ಡೆಯನ್ನೇ ಆರಿಸುವುದು

ಇದು ಹೆಚ್ಚು ಜನ ಯೋಚಿಸದ ದಾರಿ. ನನಗೆ ಬಹಳ ಇಷ್ಟವಾದದ್ದೂ ಇದೇ. ಎಲ್ಲ ಗಡ್ಡೆಯೂ ಪ್ರಾಣಿಗಳಿಗೆ ಊಟವಲ್ಲ. ಕೆಂಪು ದೊಡ್ಡ ಹೂವಿನ ಅಮರಿಲ್ಲಿಸ್, ಮಳೆ ಬಿದ್ದೊಡನೆ ಅರಳುವ ಮಳೆ ಲಿಲ್ಲಿ, ಬಿಳಿ ಸ್ಪೈಡರ್ ಲಿಲ್ಲಿ, ಮೇ ತಿಂಗಳಲ್ಲಿ ಕೆಂಪು ಚೆಂಡಿನ ಹಾಗೆ ಏಳುವ ಫುಟ್‌ಬಾಲ್ ಲಿಲ್ಲಿ, ಇವೆಲ್ಲ ಒಂದೇ ಕುಟುಂಬದವು. ಈ ಕುಟುಂಬದ ಗಡ್ಡೆಗಳಲ್ಲಿ ಲೈಕೋರಿನ್‌ನಂಥ ವಿಷದ ಅಂಶ ಇರುತ್ತದೆ. ತಿಂದರೆ ವಾಂತಿ, ಹೊಟ್ಟೆ ನೋವು. ಇಲಿ, ಹೆಗ್ಗಣ ಇವುಗಳ ತಂಟೆಗೆ ಹೋಗುವುದು ಕಡಿಮೆ. ಯಾವ ಜಾಲರಿಯೂ ಇಲ್ಲದೆ ಬೇಲಿಯ ಬುಡದಲ್ಲಿ ವರ್ಷಗಟ್ಟಲೆ ಗುಂಪು ಗುಂಪಾಗಿ ಬೆಳೆಯುವುದು ನೋಡಿದ್ದೀರಿ, ಅಲ್ವಾ? ಕಾರಣ ಇದೇ.

ಗೌರಿ ಹೂವಿನ ಗಡ್ಡೆಯಲ್ಲಿ ಕಾಲ್ಚಿಸಿನ್ ಅನ್ನುವ ಇನ್ನೂ ಕಟು ವಿಷವಿದೆ. ಮಳೆಗಾಲದಲ್ಲಿ ಬೇಲಿಯ ಮೇಲೆ ಹಳದಿ ಕೆಂಪು ಜ್ವಾಲೆಯ ಹಾಗೆ ಅರಳುವ ಬಳ್ಳಿ ಇದು. ಗೆಣಸು ಅಂತ ತಪ್ಪು ತಿಳಿದು ತಿಂದ ಮನುಷ್ಯರೇ ಸತ್ತದ್ದಿದೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಅಂಗಳದಿಂದ ದೂರ, ಬೇಲಿಯಲ್ಲೇ ಬೆಳೆಸಿ. ಅಗೆದ ಗಡ್ಡೆಯನ್ನು ಅಡುಗೆಮನೆಯ ಹತ್ತಿರ ತರಲೇಬೇಡಿ. ಲಿಲ್ಲಿ ಗಡ್ಡೆಗಳೂ ನೋಡಲು ಈರುಳ್ಳಿಯ ಹಾಗೇ ಇರುತ್ತವೆ, ಅವಕ್ಕೂ ಇದೇ ಎಚ್ಚರ ಬೇಕು.

ಇನ್ನೊಂದು ಕಡೆ ಡೇರೆ, ಕ್ಯಾನಾ, ಗ್ಲಾಡಿಯೋಲಸ್. ಇವು ನಿಜವಾಗಿ ತಿನ್ನುವ ಗಡ್ಡೆಗಳು. ಡೇರೆಯ ಮೂಲ ಊರು ಮೆಕ್ಸಿಕೋ, ಅಲ್ಲಿನ ಜನ ಅದರ ಗಡ್ಡೆ ತಿನ್ನುತ್ತಿದ್ದರು. 1963ರಿಂದ ಅದು ಆ ದೇಶದ ರಾಷ್ಟ್ರೀಯ ಹೂವು. ಕ್ಯಾನಾ ಗಡ್ಡೆಯಲ್ಲಿ ಪಿಷ್ಟ ತುಂಬಿರುತ್ತದೆ. ಹೆಗ್ಗಣ ಇವನ್ನು ಹುಡುಕಿಕೊಂಡು ಬರುವುದರಲ್ಲಿ ಆಶ್ಚರ್ಯವೇನಿಲ್ಲ. ಸುಗಂಧರಾಜದ ಗದ್ದೆಗೂ ಹೆಗ್ಗಣ ಬಿಲ ತೋಡುತ್ತದೆ, ಅದನ್ನು ತೀರಾ ಸುರಕ್ಷಿತ ಅನ್ನುವ ಹಾಗಿಲ್ಲ.

ವಿಷದ ಗಡ್ಡೆಗೂ ಒಂದು ಶತ್ರು ಉಂಟು. ಕಪ್ಪು ಮೈಗೆ ಬಿಳಿ, ಕೆಂಪು, ಹಳದಿ ಚುಕ್ಕೆ ಇರುವ ಲಿಲ್ಲಿ ಹುಳು. ಲಿಲ್ಲಿ ಮತ್ತು ಗೌರಿ ಹೂವಿನ ಎಲೆಯೇ ಅದರ ಊಟ. ಮಳೆಗಾಲದಲ್ಲಿ ಗುಂಪಾಗಿ ಬಂದು ಎಲೆಯನ್ನು ಬುಡದವರೆಗೆ ಮುಗಿಸಿ, ಕೆಲವೊಮ್ಮೆ ಗಡ್ಡೆಯ ಕುತ್ತಿಗೆಗೂ ಇಳಿಯುತ್ತದೆ. ದಿನಾ ಬೆಳಿಗ್ಗೆ ಒಮ್ಮೆ ನೋಡಿ, ಕಡ್ಡಿಯಲ್ಲಿ ಆರಿಸಿ ಸಾಬೂನು ನೀರಿಗೆ ಹಾಕಿದರೆ ಹತೋಟಿಗೆ ಬರುತ್ತದೆ.

ಬೋನು, ವಿಷ, ಬೆಕ್ಕು

ಬೋನು ಇಟ್ಟರೆ ಹೆಗ್ಗಣ ಮೊದಲ ರಾತ್ರಿಯೇ ಬೀಳುವುದಿಲ್ಲ. ಹೊಸ ವಸ್ತು ಕಂಡರೆ ಅದಕ್ಕೆ ಅನುಮಾನ. ಎರಡು ಮೂರು ರಾತ್ರಿ ಬಾಗಿಲು ಬೀಳದ ಹಾಗೆ ಕಟ್ಟಿ, ಒಳಗೆ ತಿಂಡಿ ಮಾತ್ರ ಇಡಿ. ತಿನ್ನುವ ರೂಢಿಯಾದ ಮೇಲೆ ಬೋನು ಹೂಡಿ. ಕರಾವಳಿಯಲ್ಲಿ ಒಣ ಮೀನಿನ ತುಂಡು, ಘಟ್ಟದ ಮೇಲೆ ಸುಟ್ಟ ಕೊಬ್ಬರಿ ಚೂರು ಒಳ್ಳೆಯ ಆಮಿಷ. ಒಂದೆರಡು ಹೆಗ್ಗಣದ ಕಾಟ ಇರುವ ಅಂಗಳಕ್ಕೆ ಇದು ಸಾಕು. ಪಕ್ಕದಲ್ಲೇ ಅಡಿಕೆ ತೋಟ, ಗದ್ದೆ ಇದ್ದರೆ ಒಂದು ಹೋದ ಜಾಗಕ್ಕೆ ಇನ್ನೊಂದು ಬರುತ್ತದೆ, ಅಲ್ಲಿ ಬೋನೊಂದನ್ನೇ ನಂಬಲಾಗದು.

ವಿಷದ ಬಿಲ್ಲೆ ನನಗೆ ಒಪ್ಪಿಗೆಯಿಲ್ಲ. ಪೇಟೆಯಲ್ಲಿ ಸಿಗುವ ಬ್ರೋಮಾಡಿಯಲೋನ್ ಬಿಲ್ಲೆ ತಿಂದ ಇಲಿ ತಕ್ಷಣ ಸಾಯುವುದಿಲ್ಲ, ಕೆಲವು ದಿನ ನಿಧಾನಕ್ಕೆ ಓಡಾಡುತ್ತಿರುತ್ತದೆ. ಅಂಥ ಇಲಿಯನ್ನು ಹಿಡಿಯುವುದು ಸುಲಭ. ಗೂಬೆ, ಕೇರೆ ಹಾವು, ಮುಂಗುಸಿ, ಮನೆಯ ಬೆಕ್ಕು ಅದನ್ನು ತಿಂದರೆ ವಿಷ ಅವುಗಳ ಹೊಟ್ಟೆಗೂ ಹೋಗುತ್ತದೆ. ವರ್ಷವಿಡೀ ಸುಮ್ನೆ ನಮಗಾಗಿ ಇಲಿ ಹಿಡಿಯುವ ಜೀವಗಳನ್ನೇ ಕೊಂದು, ನಾಲ್ಕು ಹೂವಿನ ಗಡ್ಡೆ ಉಳಿಸುವುದು ಸರಿಯಲ್ಲ. ಕೇರೆಯನ್ನು ಕಂಡರೆ ಹೊಡೆಯದೆ ಬಿಡುವುದೇ ಎಲ್ಲ ಬೋನುಗಳಿಗಿಂತ ದೊಡ್ಡ ಉಪಕಾರ.

ಬೆಕ್ಕು ಇಲಿಗೆ ಸರಿ. ಬಲಿತ ದೊಡ್ಡ ಹೆಗ್ಗಣ ಒಂದು ಕಿಲೋ ತೂಗುವುದೂ ಉಂಟು, ಅದರ ಎದುರು ಬೆಕ್ಕು ಹಿಂದೆ ಸರಿಯುತ್ತದೆ. ನಾಯಿಯನ್ನು ರಾತ್ರಿ ಹೊರಗೆ ಕಟ್ಟಿ ಕಾಯಿಸುವುದು ಶಿರಸಿ ಕಡೆ ಬೇಡವೇ ಬೇಡ. ಚಿರತೆಯ ಭಯ ಒಂದು, ಮುಳ್ಳುಹಂದಿಯ ಕಣೆ ಮುಖಕ್ಕೆ ಚುಚ್ಚಿಕೊಳ್ಳುವುದು ಇನ್ನೊಂದು.

ಮುಳ್ಳುಹಂದಿ, ಕಾಡುಹಂದಿಗೆ ಬೇಲಿ

ಇವೆರಡೂ, ನವಿಲೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಹಾಗಾಗಿ ಉರುಳು, ವಿಷದ ಮಾತೇ ಇಲ್ಲ. ತಡೆಯುವುದೊಂದೇ ದಾರಿ.

ಮುಳ್ಳುಹಂದಿ ಹತ್ತುವುದಿಲ್ಲ, ಅಗೆಯುತ್ತದೆ. ಆದ್ದರಿಂದ ಬೇಲಿ ಎತ್ತರ ಬೇಕಿಲ್ಲ, ಬುಡ ಗಟ್ಟಿ ಇರಬೇಕು. ಎರಡು ಮೂರು ಅಡಿ ಎತ್ತರದ ಗಟ್ಟಿ ಜಾಲರಿ ಹಾಕಿ. ಅದರ ಕೆಳಗಿನ ಒಂದು ಅಡಿಯನ್ನು ಹೊರಮುಖವಾಗಿ ನೆಲಕ್ಕೆ ಮಡಚಿ, ಮೇಲೆ ಚಿರೆಕಲ್ಲು ಹೇರಿ. ಬೇಲಿಯ ಬುಡದಲ್ಲಿ ಅಗೆಯಲು ಬಂದ ಪ್ರಾಣಿ ಆ ಮಡಿಕೆಯ ಮೇಲೆಯೇ ನಿಂತಿರುತ್ತದೆ, ಕೆಳಗೆ ದಾರಿ ಸಿಗುವುದಿಲ್ಲ. ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ) ಬೇಲಿ ಅಗ್ಗ, ಚೆಂದ, ಕೋಳಿ ಮತ್ತು ದನಕ್ಕೆ ಸಾಕು. ಮುಳ್ಳುಹಂದಿ ಮಾತ್ರ ಅದನ್ನು ಕಡಿದು ಒಳಗೆ ಬರುತ್ತದೆ.

ಕಾಡುಹಂದಿಗೆ ಗದ್ದೆಯ ಸುತ್ತ ಹಳೆ ಸೀರೆ ಕಟ್ಟುವುದು ನಮ್ಮಲ್ಲಿ ರೂಢಿ. ಮೊದಮೊದಲು ಹಂದಿ ಹೆದರುತ್ತದೆ, ರೂಢಿಯಾದ ಮೇಲೆ ನುಗ್ಗುತ್ತದೆ. ಹೂವಿನ ಪಾತಿಗೆ ಮೊಳಕೆಯ ಸಮಯದ ಕೆಲವು ವಾರಗಳಿಗೆ ಅದು ಸಾಕಾಗಬಹುದು. ಸೋಲಾರ್ ಬೇಲಿ ಒಳ್ಳೆಯದು, ಆದರೆ ತೋಟಕ್ಕೆಲ್ಲ ಹಾಕುವವರು ಮಾತ್ರ ಅದರ ಖರ್ಚು ಯೋಚಿಸಬಹುದು. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು ಅಪರಾಧ. ಅದರಲ್ಲಿ ಸಾಯುವುದು ಹಂದಿ ಮಾತ್ರವಲ್ಲ, ಮನುಷ್ಯರೂ ದನಗಳೂ ಸತ್ತಿವೆ.

ಹುಳುಗಳ ಬಗ್ಗೆ ಎರಡು ಮಾತು. ಗೊಣ್ಣೆ ಹುಳು ಬರುವುದು ಹಸಿ ಸಗಣಿ ಗೊಬ್ಬರದಿಂದ. ಪೂರ್ತಿ ಕಳಿತದ್ದನ್ನೇ ಹಾಕಿ, ಮಣ್ಣು ಅಗೆಯುವಾಗ ಸಿಕ್ಕಿದ್ದನ್ನು ಆರಿಸಿ ಕೋಳಿಗೆ ಹಾಕಿ. ಬಸವನಹುಳು ಡೇರೆಯ ಎಳೆ ಮೊಳಕೆಯನ್ನು ಒಂದೇ ರಾತ್ರಿ ಮುಗಿಸುತ್ತದೆ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಇಟ್ಟರೆ ಬೆಳಿಗ್ಗೆ ಅಲ್ಲೇ ಗುಂಪಾಗಿ ಸಿಗುತ್ತವೆ. ಕೈಗೆ ಚೀಲ ಹಾಕಿಕೊಂಡು ಆರಿಸಿ ಉಪ್ಪು ನೀರಿಗೆ ಹಾಕಿ. ಬಸವನಹುಳು ಕೊಲ್ಲುವ ಮೆಟಾಲ್ಡಿಹೈಡ್ ಗುಳಿಗೆಯನ್ನು ನಾಯಿ ತಿಂದರೆ ಉಳಿಯುವುದು ಕಷ್ಟ, ಸಾಕುಪ್ರಾಣಿ ಇರುವವರು ಅದನ್ನು ತರಬೇಡಿ.

ಯಾವ ಮನೆಗೆ ಯಾವುದು

ಕಾರವಾರ ಪೇಟೆಯ ಚಿಕ್ಕ ಅಂಗಳ, ಟೆರೇಸು ಇರುವವರಿಗೆ ಕುಂಡ ಮತ್ತು ಬಕೆಟ್ಟೇ ಸರಿ. ಉಪ್ಪುಗಾಳಿಗೆ ಜಾಲರಿ ನಿಲ್ಲುವುದಿಲ್ಲ, ಜಾಗವೂ ಕಡಿಮೆ. ನೆಲದಲ್ಲಿ ಏನಾದರೂ ಬೇಕು ಅಂದರೆ ಸ್ಪೈಡರ್ ಲಿಲ್ಲಿ, ಮಳೆ ಲಿಲ್ಲಿ ಹಚ್ಚಿ. ಕರಾವಳಿಯ ಮರಳು ಮಣ್ಣಿನಲ್ಲಿ ಅವು ಚೆನ್ನಾಗಿ ಬರುತ್ತವೆ.

ಕುಮಟಾ, ಹೊನ್ನಾವರದ ಹಿತ್ತಲುಗಳಲ್ಲಿ ಮಾರಾಟಕ್ಕೋ ಪೂಜೆಗೋ ಸುಗಂಧರಾಜದ ಒಂದು ಸಾಲು ಬೆಳೆಸುವವರು ಜಾಲರಿ ಹಾಕಿದ ಏರುಪಾತಿಗೆ ದುಡ್ಡು ಹಾಕಬಹುದು. ಒಮ್ಮೆ ನೆಟ್ಟ ಸುಗಂಧರಾಜ ಎರಡು ಮೂರು ವರ್ಷ ಅಲ್ಲೇ ಇರುವುದರಿಂದ ಖರ್ಚು ಹಂಚಿಹೋಗುತ್ತದೆ.

ಶಿರಸಿ, ಸಿದ್ದಾಪುರದ ತೋಟದ ಮನೆಯವರಿಗೆ ನಾನು ಹೇಳುವುದು ಮೂರನ್ನೂ ಸೇರಿಸಿ. ಡೇರೆ ಬಕೆಟ್ಟಿನಲ್ಲಿ, ಜಗಲಿಯ ಹತ್ತಿರ. ಬೇಲಿಯ ಬದಿಗೆ ಅಮರಿಲ್ಲಿಸ್, ಫುಟ್‌ಬಾಲ್ ಲಿಲ್ಲಿ. ಗ್ಲಾಡಿಯೋಲಸ್ ಬೇಕಿದ್ದರೆ ಮಳೆ ಕಳೆದ ಮೇಲೆ ಜಾಲರಿಯ ಪಾತಿಯಲ್ಲಿ, ನೆಟ್ಟ ಸುಮಾರು ಮೂರು ತಿಂಗಳಿಗೆ ಹೂ ಬರುತ್ತದೆ. ಮುಳ್ಳುಹಂದಿಯ ಕಾಟ ಇದ್ದರೆ ಮಾತ್ರ ಬುಡ ಮಡಚಿದ ಬೇಲಿ. ಇಲ್ಲದಿದ್ದರೆ ಅದರ ಖರ್ಚು ಬೇಡ.

ತೆಗೆದಿಟ್ಟ ಗಡ್ಡೆಯೂ ಸುರಕ್ಷಿತವಲ್ಲ

ನೆಲದಲ್ಲಿ ಉಳಿದ ಗಡ್ಡೆ ಅಟ್ಟದಲ್ಲಿ ಹೋಗುವುದುಂಟು. ಹೂ ಮುಗಿದು ಡೇರೆ ಗಿಡ ಒಣಗಿದ ಮೇಲೆ ಕಾಂಡವನ್ನು ಒಂದು ಗೇಣು ಬಿಟ್ಟು ಕತ್ತರಿಸಿ, ಗೊಂಚಲು ಮುರಿಯದ ಹಾಗೆ ಸುತ್ತಲಿಂದ ಅಗೆದು ತೆಗೆಯಿರಿ. ಮುಂದಿನ ವರ್ಷದ ಮೊಳಕೆ ಬರುವುದು ಕಾಂಡ ಸೇರುವ ಕುತ್ತಿಗೆಯ ಕಣ್ಣಿನಿಂದ. ಕುತ್ತಿಗೆ ಮುರಿದ ಗಡ್ಡೆ ಎಷ್ಟು ದಪ್ಪವಿದ್ದರೂ ಮೊಳೆಯುವುದಿಲ್ಲ. ನೆರಳಿನಲ್ಲಿ ಕೆಲವು ದಿನ ಆರಿಸಿ, ಒಣ ಮರಳು ಅಥವಾ ತೆಂಗಿನ ನಾರಿನ ಪುಡಿಯಲ್ಲಿ ಹೂತಿಡಿ.

ಇಡುವ ಪಾತ್ರೆ ಮುಖ್ಯ. ಬುಟ್ಟಿ, ಗೋಣಿಚೀಲ, ರಟ್ಟಿನ ಪೆಟ್ಟಿಗೆ ಮೂರೂ ಇಲಿಗೆ ಸುಲಭ. ಹಳೆಯ ತಗಡಿನ ಡಬ್ಬಿಯ ಬಾಯಿಗೆ ಅರ್ಧ ಇಂಚಿನ ಜಾಲರಿ ಬಿಗಿದರೆ ಗಾಳಿಯೂ ಆಡುತ್ತದೆ, ಇಲಿಯೂ ಬರುವುದಿಲ್ಲ. ಅಡಿಕೆ ಚೀಲ ಇರುವ ಅಟ್ಟದಲ್ಲಿ ಇಲಿ ಇದ್ದೇ ಇರುತ್ತದೆ. ಹಗ್ಗದಲ್ಲಿ ತೂಗು ಹಾಕಿದರೆ ಹಗ್ಗ ಹಿಡಿದು ಇಳಿಯುತ್ತದೆ, ತೂಗು ಹಾಕುವುದಾದರೂ ಡಬ್ಬಿಯಲ್ಲೇ ಹಾಕಿ. ತಿಂಗಳಿಗೊಮ್ಮೆ ತೆಗೆದು ನೋಡಿ. ಸುಕ್ಕುಗಟ್ಟಿದ್ದರೆ ಮರಳಿಗೆ ಸ್ವಲ್ಪ ನೀರು ಚಿಮುಕಿಸಿ, ಮೆತ್ತಗಾದದ್ದನ್ನು ಕತ್ತರಿಸಿ ತೆಗೆಯಿರಿ. ಕಾರವಾರದ ಕಡೆಯವರು ಇಷ್ಟೆಲ್ಲ ಮಾಡದೆ, ನೀರು ನಿಲ್ಲಿಸಿ ಕುಂಡವನ್ನೇ ಅಡ್ಡ ಮಲಗಿಸಿ ಮಾಡಿನ ಕೆಳಗೆ ಇಟ್ಟರೂ ಆದೀತು. ಬಾಯಿಗೆ ಮಾತ್ರ ಜಾಲರಿ ಕಟ್ಟಿ.

ಅಪರೂಪದ ಬಣ್ಣದ ಡೇರೆ ಇದ್ದರೆ ಗಡ್ಡೆಯೊಂದನ್ನೇ ನೆಚ್ಚಿಕೊಳ್ಳಬೇಡಿ. ಜೂನ್‌ನಲ್ಲಿ ಮೊಳಕೆ ಮೂರು ನಾಲ್ಕು ಇಂಚು ಬಂದಾಗ ಒಂದೆರಡನ್ನು ಬುಡದಿಂದ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಒದ್ದೆ ಮರಳಿನಲ್ಲಿ ಊರಿ ನೆರಳಿಗಿಡಿ. ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ. ಆ ಸಸಿ ಅದೇ ವರ್ಷ ಹೂ ಬಿಡುತ್ತದೆ, ಮಣ್ಣಿನೊಳಗೆ ತನ್ನದೇ ಗಡ್ಡೆಯನ್ನೂ ಕಟ್ಟುತ್ತದೆ. ಅದರಲ್ಲಿ ಒಂದನ್ನು ಬೇರೆ ಓಣಿಯ ಮನೆಗೆ ಕೊಟ್ಟಿದ್ದರೆ, ನಿಮ್ಮಲ್ಲಿ ಹೆಗ್ಗಣ ಬಂದ ವರ್ಷ ಅಲ್ಲಿಂದ ಕೇಳಿ ತರಬಹುದು.